ಫೌಜಿ ಶರಫುದ್ದೀನನ ಎರಡು ಬೆರಳು

ಆಳಂದದ ಪೇಟೆಯಲ್ಲಿ ಗೌಸಮೊಹಿದ್ದೀನನ ಅಂಗಡಿ ಎಲ್ಲಿ ಎಂದು ಕೇಳಿದರೆ ‘ಯಾವ ಗೌಸಮೊಹಿದ್ದೀನ?’ ಎಂಬ ಮರುಪ್ರಶ್ನೆ ಬರುತ್ತದೆ. ಫೌಜಿ ಸೇಠನ ಅಂಗಡಿ ಎಂದು ಕೇಳಿದರೆ ಕಬ್ಬಿನಹಾಲಿನವನಿಂದ ಹಿಡಿದು ಕಂಬಕ್ಕೆ ಒರಗಿದ ಹಮಾಲನವರೆಗೆ ಎಲ್ಲರೂ ಕೈ ಎತ್ತಿ ತೋರಿಸುತ್ತಾರೆ. ತೋರಿಸುವಾಗ ಸಣ್ಣಗೆ ನಗುತ್ತಾರೆ. ಆ ನಗುವನ್ನು ಗೌಸಮೊಹಿದ್ದೀನ ಬಹಳ ವರ್ಷ ಗೌರವದ ಬಾಬತ್ತಿಗೆ ಜಮಾ ಮಾಡಿಕೊಂಡಿದ್ದ.

ಫೌಜಿಗೂ, ಅಂದರೆ ಸೈನ್ಯಕ್ಕೂ, ಅವನಿಗೂ ಇದ್ದ ಸ್ವಂತ ಸಂಬಂಧ ಇಷ್ಟೇ: ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಬೂಟು ಕಚ್ಚಿತೆಂದು ಮೊದಲ ವಾರವೇ ಬಿಟ್ಟಿದ್ದ. ದೀಪಾವಳಿಯ ಪಟಾಕಿ ಶುರುವಾದರೆ ಇವತ್ತಿಗೂ ಅಂಗಡಿಯ ಒಳಕೋಣೆಯಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಾನೆ. ಓಣಿಯ ನಾಯಿ ಗುರ್ ಅಂದರೆ ಮಸೀದಿಗೆ ಸುತ್ತುಹಾದಿಯಲ್ಲಿ ಹೋಗುತ್ತಾನೆ.

ಆದರೂ ಅಂಗಡಿಯ ಮೇಲೆ ‘ಫೌಜಿ ಟ್ರೇಡಿಂಗ್ ಕಂಪನಿ’ ಎಂದು ಆಳೆತ್ತರದ ಬೋರ್ಡು. ಅದರ ಮೇಲೆ ಬಂದೂಕು ಹಿಡಿದ, ಹುರಿಮೀಸೆಯ ಸಿಪಾಯಿ. ಆತ ಗೌಸಮೊಹಿದ್ದೀನನ ದಾದಾ, ಅಂದರೆ ತಂದೆಯ ತಂದೆ, ಶರಫುದ್ದೀನ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವನು. ಮನೆಯಲ್ಲಿ ಅವನದೊಂದು ಫೋಟೋ ಇರಲಿಲ್ಲ. ಹಾಗಾಗಿ ಪೇಂಟರನು ಎದುರಿಗೆ ಕೂತ ಗೌಸಮೊಹಿದ್ದೀನನ ಮುಖವನ್ನೇ ತೆಗೆದುಕೊಂಡು, ಗದ್ದದ ಕೆಳಗಿನ ಇನ್ನೊಂದು ಗದ್ದವನ್ನು ಕೈಬಿಟ್ಟು, ಇಲ್ಲದ ಮೀಸೆ ಸೇರಿಸಿ ಕೊಟ್ಟಿದ್ದ. ಮೊಮ್ಮಗನನ್ನು ಹೋಲುವ ಅಜ್ಜ ತಯಾರಾದ. ಬಂದೂಕು ಹಿಡಿದ ಬಲಗೈಗೆ ಐದೂ ಬೆರಳು ಬಂದವು. ಅಸಲಿ ಶರಫುದ್ದೀನನ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಅರ್ಧಕ್ಕೇ ಮುಗಿದಿದ್ದವು. ಗೊತ್ತಿದ್ದೂ ಗೌಸಮೊಹಿದ್ದೀನ ಪೇಂಟರನಿಗೆ ಹೇಳಲಿಲ್ಲ. ಬೋರ್ಡಿನಲ್ಲಿ ಊನ ಕಂಡರೆ ತೂಕದಲ್ಲೂ ಊನ ಇದ್ದೀತು ಎಂದು ಗಿರಾಕಿ ಅನುಮಾನಪಟ್ಟಾನು ಎಂಬುದು ಅವನ ಎಣಿಕೆ.

ಬೆರಳಿನ ಕಥೆಯನ್ನು ಅವನು ಬಾಯಲ್ಲಿ ಹೇಳುತ್ತಿದ್ದ. ಬರ್ಮಾದ ಗುಡ್ಡವೊಂದರ ಮೇಲೆ ಇಂಗ್ರೇಜಿ ಸಾಹೇಬ ಶರಫುದ್ದೀನನಿಗೆ ‘ಈ ಜಾಗ ಬಿಡಬೇಡ’ ಎಂದನಂತೆ. ಬಿಡುವುದಿಲ್ಲ ಎಂದು ಈತ ಮಾತು ಕೊಟ್ಟನಂತೆ. ಜಪಾನಿಯರ ಗುಂಡು ಬಂತು, ಎರಡು ಬೆರಳು ಹೋದವು, ಜಾಗ ಮಾತ್ರ ಹೋಗಲಿಲ್ಲ. ಮೊದಮೊದಲು ಆ ಗುಡ್ಡಕ್ಕೆ ಒಬ್ಬನೇ ಜಪಾನಿ ಬರುತ್ತಿದ್ದ. ತೊಗರಿ ದರ ಏರಿದ ಹಾಗೆ ಜಪಾನಿಯರೂ ಏರಿದರು. ದರ ಬಿದ್ದ ವರ್ಷ ಮಾತ್ರ ಅವರು ಕಡಿಮೆಯಾಗಲಿಲ್ಲ.

ಈ ಕಥೆ ಅವನ ಬಂಡವಾಳ. ಆನ್‌ಲೈನ್ ಟೆಂಡರಿನ ಈ ಕಾಲದಲ್ಲೂ ನಾಲ್ಕಾರು ಚೀಲ ತೊಗರಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬರುವ ರೈತರು ಇಂಥ ಬೀದಿಯ ಅಂಗಡಿಗೇ ಬರುತ್ತಾರೆ. ಅಲ್ಲಿ ದರ ಕುದುರುವುದು ಹಳೆಯ ಪದ್ಧತಿಯಲ್ಲಿ. ಸೇಠನ ಬಲಗೈ, ರೈತನ ಬಲಗೈ, ಮೇಲೊಂದು ಟವೆಲ್. ಒಳಗೆ ಯಾವ ಬೆರಳು ಹಿಡಿದು ಒತ್ತಿದರೋ ಅದೇ ದರ. ಬಾಯಿಂದ ಅಂಕಿ ಹೊರಡಬಾರದು. ಒಬ್ಬನಿಗೆ ಸಿಕ್ಕ ದರ ಅವನ ಮಗ್ಗುಲಲ್ಲೇ ನಿಂತವನಿಗೂ ತಿಳಿಯುವುದಿಲ್ಲ. ಗೌಸಮೊಹಿದ್ದೀನನ ಸಂಸಾರ ನಿಂತದ್ದೇ ಆ ತಿಳಿಯದಿರುವಿಕೆಯ ಮೇಲೆ. ಟವೆಲಿನ ಕೆಳಗೆ ಬೆರಳು ಒಬ್ಬೊಬ್ಬನ ಜೊತೆ ಒಂದೊಂದು ಆಟ ಆಡುತ್ತಿದ್ದಾಗ, ಟವೆಲಿನ ಮೇಲೆ ಅವನ ಬಾಯಿ ಒಂದೇ ಮಾತು ಹೇಳುತ್ತಿತ್ತು: “ಫೌಜಿ ಮಾತು ಇದು! ಇದಕಿಂತ ಹೆಚ್ಚಿಗಿ ಯಾರಿಗೂ ಕೊಟ್ಟಿಲ್ಲ.”

ಹೊಸ ತೊಗರಿ ಪೇಟೆಗೆ ಬೀಳುವ ದಿನಗಳಲ್ಲೇ ನಿವೃತ್ತ ಸುಬೇದಾರ ದತ್ತಪ್ಪ ಅಂಗಡಿಗೆ ಬಂದ. ಮಾಜಿ ಸೈನಿಕರ ಸಂಘದ ಅಧ್ಯಕ್ಷ; ನಡೆದರೂ ಕೂತರೂ ಬೆನ್ನು ಬಾಗದ ಮನುಷ್ಯ. ಚೀಲದ ಮೇಲೆ ಕೂತರೂ ಖುರ್ಚಿಯ ಮೇಲೆ ಕೂತಂತೆ ಕೂತ.

“ಸೇಠ್ರ, ನಮ್ಮ ಸಂಘದ ಹೊಸಾ ಹಾಲ್ ಓಪನಿಂಗ್ ಅದ. ನಮ್ಮ ಭಾಗದಿಂದ ಹಿಂದಿನ ಯುದ್ಧಕ್ಕ ಹೋದ ಹಿರೇರ ಫೋಟೋ ಹಾಕಾಕತ್ತೇವಿ. ನಿಮ್ಮ ಅಜ್ಜಂದು ನಾ ವ್ಯವಸ್ಥಾ ಮಾಡೇನಿ. ನೀವು ಅವರ ಜೀವನದ ಬಗ್ಗೆ ಸ್ವಲ್ಪ ಮಾತಾಡಬೇಕು.”

“ಮಾತಿಗೇನ್ರಿ ಸುಬೇದಾರ್ರ, ಎಷ್ಟು ಬೇಕು ಹೇಳ್ರಿ!”

“ಯಾವ ಪಲ್ಟನ್? ಎಲ್ಲಿ ಭರ್ತಿ ಆದ್ರು? ಗುಂಡು ಯಾವ ಕಡಿಂದ ಬಂತು? ಬಂದೂಕಿಂದೋ, ಮಷೀನ್‌ಗನ್ನಿಂದೋ? ಕೂತವರೆಲ್ಲ ಫೌಜಿನವರ್ರಿ. ಕೇಳ್ತಾರ.”

ಇಷ್ಟು ವರ್ಷದಲ್ಲಿ ಗೌಸಮೊಹಿದ್ದೀನನನ್ನು ಗುಂಡು ಯಾವ ಕಡೆಯಿಂದ ಬಂತು ಎಂದು ಒಬ್ಬನೂ ಕೇಳಿರಲಿಲ್ಲ. ರೈತರಿಗೆ ಆ ಹೊತ್ತಿನಲ್ಲಿ ದರ ಯಾವ ಕಡೆಗೆ ಹೋಗುತ್ತದೆ ಎಂಬುದೇ ಚಿಂತೆ.

ಪಕ್ಕದ ಅಂಗಡಿಯ ಶಾಂತಕುಮಾರ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನದೂ ತೊಗರಿ ವ್ಯಾಪಾರವೇ. ಎರಡೂ ಅಂಗಡಿಗಳ ನಡುವೆ ಒಂದು ಗೋಡೆ, ಇಬ್ಬರ ನಡುವೆ ಒಂದು ಜನ್ಮದ ಪೈಪೋಟಿ.

“ಸುಬೇದಾರ್ರ, ನಾನೂ ಬರ್ತೇನಿ. ಮುಂದಿನ ಸಾಲಿನ್ಯಾಗ ಕುಂದ್ರತೇನಿ,” ಎಂದ ಶಾಂತಕುಮಾರ. “ಆ ಗುಂಡು ಖರೇ ಅದನೋ, ಇಲ್ಲಾ ಸೇಠನ ಬಾಯಿಂದನ ಹಾರಿದ್ದೋ, ನೋಡೇಬಿಡೂಣು.”

ತೂಕಕ್ಕೆ ನಿಂತಿದ್ದ ರೈತರು ನಕ್ಕರು. ಗೌಸಮೊಹಿದ್ದೀನ ನಗಬೇಕಿತ್ತು. ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಚೀಲದ ಮೇಲೆ ಕೈ ಬಡಿದು ಹೇಳಿಬಿಟ್ಟ:

“ಗುಂಡು ಸಿಗಲಿಲ್ಲಂದ್ರ ಈ ಬೋರ್ಡ್ ಇಳಸ್ತೇನಿ! ಫೌಜಿ ಮಾತು!”

ಟವೆಲಿಲ್ಲದೆ, ಇಷ್ಟು ಕಿವಿಗಳೆದುರು ಅವನು ಮಾತು ಕೊಟ್ಟದ್ದು ಅದೇ ಮೊದಲು. ಬೋರ್ಡು ಇಳಿದರೆ ಹೆಸರು ಹೋಯಿತು; ಹೆಸರು ಹೋದರೆ ರೈತ ಗೋಡೆಯಾಚೆಯ ಅಂಗಡಿಗೆ ಹೋದ.

ಮರುದಿನವೇ ಗುಂಡು ಹುಡುಕಲು ಹೊರಟ. ಅಫಜಲಪುರ ತಾಲೂಕಿನ ಅತನೂರಿನಲ್ಲಿ ಅವನ ಫುಫು, ಅಂದರೆ ಸೋದರತ್ತೆ ಖುರ್ಷಿದಬೇಗಂ ಇದ್ದಳು. ಶರಫುದ್ದೀನನ ಮಕ್ಕಳಲ್ಲಿ ಉಳಿದವಳು ಅವಳೊಬ್ಬಳೇ. ಕಾರಿನಲ್ಲಿ ಪಕ್ಕಕ್ಕೆ ಹೆಂಡತಿ ಮೆಹರಾಜಬೇಗಂ ಕೂತಳು. ಮಗಳ ಹೆಸರು ಹಿಡಿದು ಗಂಡನನ್ನು ಕರೆಯುವ ಸಂಪ್ರದಾಯದ ಹೆಂಗಸು. ಆ ಗೌರವದ ಕರೆಯ ಬೆನ್ನಿಗೇ ಚುಚ್ಚುವ ಸಂಪ್ರದಾಯ ಅವಳದೇ ಸ್ವಂತದ್ದು.

“ನೂರೀನನ ಅಬ್ಬಾ, ಒಂದು ಮಾತು ಕೇಳ್ಲಾ? ನಿಮ್ಮ ದಾದಾ ಇದ್ದಾಗ ನೀವು ದೊಡ್ಡ ಹುಡುಗ. ಬೆರಳು ಹೆಂಗ ಹೋದವು ಅಂತ ಅವರನ್ನ ಕೇಳಲೇ ಇಲ್ಲೇನು?”

“ಕೇಳಿದ್ದೆ. ‘ಮೊದಲು ಊಟ ಮಾಡು’ ಅಂತಿದ್ರು.”

“ನೀವು ಅದೊಂದು ಮಾತು ಮಾತ್ರ ಚಂದ ಕೇಳೀರಿ ನೋಡ್ರಿ,” ಎಂದು ಅವಳು ಗಂಡನ ಹೊಟ್ಟೆಯ ಕಡೆ ನೋಡಿದಳು.

ಅವನಿಗೆ ದಾದಾನ ಕೈ ನೆನಪಿಗೆ ಬಂದಿತ್ತು. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಎರಡು ಗಿಡ್ಡ ಬೆರಳು, ಎರಡು ಉದ್ದ ಬೆರಳುಗಳ ನಡುವೆ ತುತ್ತು ಹಿಡಿದು ಬಾಯಿಗಿಡುತ್ತಿದ್ದ ಕೈ. ಗಿಡ್ಡ ಬೆರಳಿನ ತುದಿ ತುಟಿಗೆ ತಾಗಿದರೆ ನುಣ್ಣಗೆ, ಬಾದಾಮಿಯ ಹಾಗೆ ಇರುತ್ತಿತ್ತು. ಆ ಕೈಯ ಹೆಸರಿನಲ್ಲಿ ಇಷ್ಟು ವರ್ಷ ತೊಗರಿ ಕೊಂಡವನು, ಅದು ಹಾಗೇಕೆ ಆಯಿತೆಂದು ಹುಡುಕಲು ಹೊರಟದ್ದು ಶಾಂತಕುಮಾರನಿಂದಾಗಿ ಎಂಬುದು ಅವನಿಗೇ ಒಂದು ಥರ ಅನಿಸಿತು.

ಖುರ್ಷಿದಬೇಗಂ ಅಂಗಳದ ಹೊರಸಿನ ಮೇಲೆ ಕೂತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದಳು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ವಿಷಯ ಕೇಳಿ ಕಾಯಿಯ ಬುಟ್ಟಿ ಪಕ್ಕಕ್ಕಿಟ್ಟಳು.

“ಫುಫು, ದಾದಾಗ ಸರಕಾರ ಕೊಟ್ಟ ಬಿಲ್ಲೆ ಇತ್ತಲ್ಲ, ಅದಾದ್ರೂ ಅದ ಏನು?”

“ಇತ್ತು. ನಮ್ಮ ಕರಿ ಎಮ್ಮಿಗಿ ಬಾಳ ದೃಷ್ಟಿ ಆಗ್ತಿತ್ತು. ಅಮ್ಮೀಜಾನ್ ಅದನ್ನ ಎಮ್ಮಿ ಕೊಳ್ಳಿಗಿ ಕಟ್ಟಿದ್ಲು. ಎಮ್ಮಿ ಮಾರೋ ದಿನ ಬಿಚ್ಚೋದು ಮರತಿವಿ.”

“ಯುದ್ಧದ ಬಿಲ್ಲೆ ಎಮ್ಮಿ ಕೂಡ ಹೋಯ್ತಾ?”

“ಹೋಯ್ತು. ಅಬ್ಬಾ ಏನಂದ್ರು ಗೊತ್ತದ? ‘ಇರ್ಲಿ ಬಿಡ್ರಿ, ನನಗಿಂತ ಅದಕ್ಕ ಚಂದ ಕಾಣ್ತಿತ್ತು.’”

ಮೆಹರಾಜಬೇಗಂ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ಗೌಸಮೊಹಿದ್ದೀನ ಬೆರಳಿನ ಪ್ರಶ್ನೆಗೆ ಬಂದ.

“ಬೆರಳಾ? ನನಗ ಹೇಳಿದ್ದು, ಬರ್ಮಾದ ಏಡಿ ಕಡೀತು ಅಂತ. ನಾ ಮುಂದ ಎಷ್ಟೋ ವರ್ಷ ಹಳ್ಳಕ್ಕ ಕಾಲಿಡಲಿಲ್ಲ. ನಮ್ಮಕ್ಕಗ ಹೇಳಿದ್ದು, ಸುಳ್ಳು ಹೇಳಿದ್ದಕ್ಕ ದೇವರ ಕಡಿಂದ ಫರಿಸ್ತೆ ಬಂದು ಒಯ್ದ ಅಂತ. ನಿಮ್ಮಪ್ಪ ಹಟ ಬಾಳ ಮಾಡ್ತಿದ್ದ, ಅವನಿಗಿ ಮೊಸಳಿ.”

“ಗುಂಡು ಯಾರಿಗೂ ಹೇಳಿಲ್ಲಾ?”

“ಗುಂಡಾ? ಯಾವ ಗುಂಡು?”

“ಜಪಾನದವರ ಗುಂಡು, ಫುಫು! ಗುಡ್ಡದ ಮ್ಯಾಲ…”

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅದು ನಿನ್ನ ಅಂಗಡಿ ಬೋರ್ಡಿನಿಂದ ಬಂದಿರಬೇಕು ಮಗಾ. ನಮ್ಮ ಮನ್ಯಾಗ ಇದ್ದಿದ್ದಿಲ್ಲ.”

ಗೌಸಮೊಹಿದ್ದೀನ ಹಿಂದಕ್ಕೆ ಯೋಚಿಸಿ ನೋಡಿದ. ಗುಂಡಿನ ಕಥೆ ತನಗೆ ಯಾರು ಹೇಳಿದರು? ಯಾರ ಮುಖವೂ ಕಣ್ಣೆದುರು ಬರಲಿಲ್ಲ. ಅಂಗಡಿ ಶುರು ಮಾಡಿದ ವರ್ಷ, ಒಬ್ಬ ರೈತ ದರಕ್ಕೆ ಒಪ್ಪದೆ ಏಳುತ್ತಿದ್ದಾಗ, ಅವನನ್ನು ಕೂರಿಸಲು ತಾನೇ ಮೊದಲ ಸಲ ಹಾರಿಸಿದ ನೆನಪು ಮಸುಕಾಗಿ ಬಂತು. ಆಮೇಲೆ ಅದನ್ನು ಎಷ್ಟು ಸಲ ಮಾರಿದನೆಂದರೆ, ಕೊನೆಗೆ ತಾನೇ ಕೊಂಡುಕೊಂಡುಬಿಟ್ಟಿದ್ದ.

“ಖರೇ ಗೊತ್ತಾಗಬೇಕಂದ್ರ ಇಜೇರಿಗಿ ಹೋಗು,” ಎಂದಳು ಫುಫು. “ಅಬ್ಬಾನ ಹುಟ್ಟಿದ ಊರು ಅದು. ಅಲ್ಲಿ ನಿಂಬೆವ್ವ ಅದಾಳ. ಅವರಪ್ಪ ಅಮೋಘಸಿದ್ದ, ಕುರಿ ಕಾಯೋರು. ಅಬ್ಬಾನ ಕೂಡನ ಭರ್ತಿ ಆಗಿ, ಕೂಡನ ಬಂದವ. ನಾವು ಮಕ್ಕಳು, ನಮಗ ಏಡಿ ಮೊಸಳಿ ಹೇಳ್ತಿದ್ರು. ದೋಸ್ತಗ ಹಂಗ ಹೇಳಾಕ ಬರಾಂಗಿಲ್ಲ, ಅವ ಅಲ್ಲೇ ನಿಂತು ನೋಡ್ಯಾನಲ್ಲ.”

ಭೀಮಾ ನದಿ ದಾಟಿ ಜೇವರ್ಗಿ ಸೀಮೆಗೆ ಬಂದರು. ಎರಡೂ ಬದಿ ತೊಗರಿ ಕೊಯ್ದು ಬಯಲಾದ ಕರಿನೆಲ, ಅಲ್ಲಲ್ಲಿ ಹತ್ತಿ. ಇಜೇರಿ ದೊಡ್ಡ ಊರು. ಆದರೆ ನಿಂಬೆವ್ವನ ಮನೆ ಕೇಳಿದವರಿಗೆಲ್ಲ ಗೊತ್ತಿತ್ತು. ಅವಳು ಬಿಸಿಲಿಗೆ ಕಂಬಳಿ ಹಾಸಿ ಕೂತಿದ್ದಳು. ಶರಫುದ್ದೀನನ ಮೊಮ್ಮಗ ಎಂದು ತಿಳಿದದ್ದೇ ಅವನ ಬಲಗೈ ಎಳೆದುಕೊಂಡು ಬೆರಳು ಮುಟ್ಟಿ ನೋಡಿದಳು.

“ಐದೂ ಅದಾವ. ಹಂಗಾರ ನೀ ಖಚ್ಚರಕ್ಕ ಮೋಸ ಮಾಡಿಲ್ಲ.”

“ಖಚ್ಚರ?” ಎಂದ ಗೌಸಮೊಹಿದ್ದೀನ.

“ಮತ್ತ? ಕುದರಿಗೂ ಕತ್ತಿಗೂ ಹುಟ್ಟಿದ್ದು. ನಮ್ಮಪ್ಪ, ನಿಮ್ಮಜ್ಜ ಇಬ್ರೂ ಖಚ್ಚರ ಪಲ್ಟನ್ನಿನ್ಯಾಗ ಇದ್ರು. ನಿನಗ ಗೊತ್ತಿಲ್ಲೇನೋ ತಮ್ಮಾ?”

ಗೊತ್ತಿಲ್ಲ ಎಂದು ಹೇಳಲು ಗೌಸಮೊಹಿದ್ದೀನನಿಗೆ ಬಾಯಿ ಬರಲಿಲ್ಲ. ಮೆಹರಾಜಬೇಗಂ ಅವನ ಪರವಾಗಿ ಸಂತೋಷದಿಂದಲೇ ಹೇಳಿದಳು: “ಗೊತ್ತಿಲ್ಲ ಆಯಿ. ಒಂದೂ ಬಿಡದಂಗ ಹೇಳ್ರಿ.”

ನಿಂಬೆವ್ವ ಹೇಳಿದ್ದು ಹೀಗಿತ್ತು. ಇಬ್ಬರೂ ಗೆಳೆಯರು ಕಲಬುರ್ಗಿಗೆ ಕುರಿ ಮಾರಲು ಹೋಗಿದ್ದರು. ಭರ್ತಿ ಮಾಡಿಕೊಳ್ಳುವ ಸಾಹೇಬ ದನಕರುಗಳನ್ನು ಸಂಭಾಳಿಸುವುದು ಗೊತ್ತಿದೆಯೇ ಎಂದು ಕೇಳಿದ. ಗೊತ್ತಿದೆ ಎಂದರು. ಊಟ ಹಾಕುತ್ತೇವೆ ಎಂದ. ಇವರು ಬಂದೂಕಿನ ಮಾತೇ ಕೇಳಲಿಲ್ಲ. ಬರ್ಮಾದ ಕಾಡುಗುಡ್ಡದಲ್ಲಿ ಗಾಡಿ ಹತ್ತದ ಹಾದಿಗಳಲ್ಲಿ ಹೇಸರಗತ್ತೆಯ ಮೇಲೆ ನೀರು, ಹಿಟ್ಟು, ಮದ್ದು ಹೇರಿ ಮೇಲಕ್ಕೆ ಒಯ್ಯುವುದು, ಗಾಯಾಳುಗಳನ್ನು ಹೇರಿ ಕೆಳಕ್ಕೆ ತರುವುದು, ಇದು ಅವರ ಯುದ್ಧ.

“ನಿಮ್ಮಜ್ಜನ ಖಚ್ಚರದ ಹೆಸರು ರಾಣಿ. ಬಾಳ ಮೊಂಡ. ಏರು ಬಂತಂದ್ರ ನಿಂತುಬಿಡ್ತಿತ್ತು. ಬೆಲ್ಲ ತೋರಿಸಿದ್ರ ಏರ್ತಿತ್ತು. ಸರಕಾರದವರು ಅದಕ್ಕಂತನ ಬೆಲ್ಲ ಕೊಡ್ತಿದ್ರು. ನಿಮ್ಮಜ್ಜ ಏನ್ ಮಾಡಿದ ಹೇಳು?”

ಗೌಸಮೊಹಿದ್ದೀನನ ವ್ಯಾಪಾರಿ ರಕ್ತಕ್ಕೆ ಉತ್ತರ ಆಗಲೇ ಹೊಳೆದಿತ್ತು.

“ಬೆಲ್ಲ ತನ್ನ ಚಹಾಕ್ಕ ಇಟಗೊಂಡ! ಖಾಲಿ ಮುಷ್ಟಿ ಬಿಗಿ ಹಿಡಿದು, ಬಾ ರಾಣಿ ಬಾ ರಾಣಿ ಅಂತ ಮೂಗಿನ ಮುಂದ ತೋರಸ್ತಿದ್ದ. ಪಾಪ, ಅದು ಮುಷ್ಟಿ ವಾಸನಿಗಿ ನಂಬಿ ಗುಡ್ಡ ಏರ್ತಿತ್ತು. ಮ್ಯಾಲ ಹೋದ ಮ್ಯಾಲ ಮುಷ್ಟಿ ಬಿಚ್ಚಿದ್ರ ಏನೂ ಇಲ್ಲ! ನಮ್ಮಪ್ಪ ಹೇಳಿದ್ನಂತ, ‘ಶರಫೂ, ಬ್ಯಾಡಲೇ, ಮೂಕ ಜೀವ ಅಂತ ತಿಳೀಬ್ಯಾಡ.’ ಒಂದಿನ ರಾಣಿ ಗುಡ್ಡ ಏರಿತು, ಮುಷ್ಟಿ ಬಿಚ್ಚೋತನ ತಡೀತು, ಖಾಲಿ ಅಂಗೈ ನೋಡಿತು. ಆಮ್ಯಾಲ ಎರಡು ಬೆರಳು ಕಡದು ತನ್ನ ಹಿಸಾಬ ಮುಗಿಸಿತು.”

ಮೆಹರಾಜಬೇಗಂ ಈಗ ಬಾಯಿ ಮುಚ್ಚಿಕೊಳ್ಳುವ ಗೋಜಿಗೂ ಹೋಗದೆ ನಕ್ಕಳು. ನಿಂಬೆವ್ವನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡಳು.

“ಸಾಹೇಬ ಅದಕ್ಕ ಗುಂಡು ಹಾಕ್ತೀನಿ ಅಂದ್ನಂತ. ನಿಮ್ಮಜ್ಜ ರಕ್ತ ಸುರಿಯೋ ಕೈಲೆ ಅಡ್ಡ ನಿಂತು, ‘ತಪ್ಪು ನಂದದ ಸಾಹೇಬ, ಅದರದಲ್ಲ’ ಅಂದ್ನಂತ. ಪಟ್ಟಿ ಕಟಗೊಂಡು ಮತ್ತ ರಾಣಿ ಕೂಡನ ನಡದ. ಆವತ್ತಿನಿಂದ ಬೆಲ್ಲ ಒಂದ್ ಚೂರೂ ತಿನ್ನಲಿಲ್ಲ. ರಾಣಿ ಮುಂದ ಯಾವುದೋ ಗುಂಡಿಗಿ ಸತ್ತಾಗ ಮೂರು ಹೊತ್ತು ಉಪವಾಸ ಕುಂತನಂತ. ನಮ್ಮಪ್ಪ ಇದನ್ನ ಹೇಳುವಾಗ ಮಾತ್ರ ನಗ್ತಿದ್ದಿಲ್ಲ.”

ದಾದಾ ಸಾಯುವವರೆಗೂ ಸಪ್ಪೆ ಚಹಾ ಕುಡಿಯುತ್ತಿದ್ದದ್ದು ಗೌಸಮೊಹಿದ್ದೀನನಿಗೆ ನೆನಪಾಯಿತು. ಶುಗರ್ ಇರಬೇಕೆಂದು ಮನೆಯವರೆಲ್ಲ ತಿಳಿದಿದ್ದರು.

“ಹೋಗ್ಲಿ ಆಯಿ,” ಎಂದ ಅವನು, ಮುಳುಗುವವನು ಹುಲ್ಲುಕಡ್ಡಿ ಹಿಡಿಯುವ ದನಿಯಲ್ಲಿ. “ಫೌಜಿ ಮಾತು ಅಂತ ದಾದಾನ ಹೆಸರು ಇತ್ತಲ್ಲ, ಅದಾದ್ರೂ ಖರೇ ಏನು? ನಮ್ಮ ಅಪ್ಪ ಹೇಳ್ತಿದ್ದ. ದನದ ಸಂತಿಯೊಳಗ ದಾದಾನ ಮಾತಂದ್ರ ಮಾತು ಅಂತ.”

“ಖರೇ! ಅದೂ ಆ ಬೆರಳಿನ ದೆಸಿಂದನ.”

ಊರಿಗೆ ಮರಳಿದ ಶರಫುದ್ದೀನ ದನದ ದಲ್ಲಾಳಿಯಾದ. ದನದ ಸಂತೆಯಲ್ಲೂ ವ್ಯಾಪಾರ ಟವೆಲಿನ ಕೆಳಗೇ. ಮೊದಲ ಸಂತೆಯ ದಿನವೇ ಒಂದು ಜೋಡಿ ಎತ್ತಿಗೆ ಕೈ ಒಳಗಿಟ್ಟ. ಇವನು ಕೊಟ್ಟದ್ದು ಇಡೀ ಬೆರಳೆಂದು, ಅಂದರೆ ಪೂರ್ತಿ ನೂರೆಂದು. ಎದುರಿನ ರೈತನ ಕೈಗೆ ಸಿಕ್ಕಿದ್ದು ಅರ್ಧ ಬೆರಳು. ಅವನು ಅದನ್ನು ಅರ್ಧ ನೂರೆಂದೇ ತಿಳಿದ. ಇಬ್ಬರೂ ಒಪ್ಪಿ, ಎತ್ತಿನ ಹಗ್ಗ ಕೈ ಬದಲಾದ ಮೇಲೆ ದರ ಬಾಯಿಗೆ ಬಂತು. ಬಂದದ್ದೇ ಇಡೀ ಸಂತೆ ಎರಡು ಬಣವಾಗಿ ಬಡಿದಾಡಲು ನಿಂತಿತು. ಮುಂದಿನ ಸಂತೆಯಲ್ಲಿ ಅವನ ಟವೆಲಿನ ಕೆಳಗೆ ಕೈ ಇಡಲು ಯಾರೂ ಬರಲಿಲ್ಲ. ಎಡಗೈ ಚಾಚಿದ; ಎಡಗೈಗೆ ಕೈ ಕೊಡುವವರು ಯಾರು? ಸಂತೆ ಹರಿಯುವ ಹೊತ್ತಾಯಿತು. ಶರಫುದ್ದೀನ ಟವೆಲನ್ನು ಒಂದು ಎತ್ತಿನ ಬೆನ್ನ ಮೇಲೆ ಒಗೆದು, ಎಲ್ಲರಿಗೂ ಕೇಳುವ ಹಾಗೆ ದರ ಕೂಗಿಬಿಟ್ಟ.

“ದಲ್ಲಾಳಿಗೋಳು ಹೊಡ್ಯಾಕ ಬಂದ್ರಂತ,” ಎಂದಳು ನಿಂಬೆವ್ವ. “ಆದ್ರ ರೈತರು ಸುತ್ತ ಮುತ್ಕೊಂಡ್ರು. ನನಗೊಂದು ದರ, ನಿನಗೊಂದು ದರ ಇಲ್ಲಲ್ಲ! ಒಮ್ಮಿ ಬಾಯಿ ಬಿಟ್ಟನಂದ್ರ ಎಲ್ಲರಿಗೂ ಅದೇ. ಅದಕ್ಕ ಜನ ಫೌಜಿ ಮಾತು ಅಂದ್ರು. ಬೆರಳು ನೆಟ್ಟಗಿದ್ರ ನಿಮ್ಮಜ್ಜನೂ ಎಲ್ಲರಂಗನ ಮಾಡ್ತಿದ್ದ ಬಿಡು, ತಾನ ಹೇಳ್ತಿದ್ದ. ನೀ ಹೆಂಗ ಮಾಡ್ತಿ ತಮ್ಮಾ, ವ್ಯಾಪಾರ?”

ಗೌಸಮೊಹಿದ್ದೀನ ತನ್ನ ನೆಟ್ಟಗಿನ ಐದು ಬೆರಳನ್ನು ಕಂಬಳಿಯ ಅಂಚಿನ ಕೆಳಗೆ ಸರಿಸಿದ. “ಚಹಾ ಕುಡದು ಹೊರಡ್ತೇವಿ ಆಯಿ,” ಎಂದ.

ವಾಪಸು ಬರುವಾಗ ಅವನು ಎರಡು ಸರಕನ್ನೂ ಅಂಗೈಲಿಟ್ಟು ತೂಗಿದ. ಗುಂಡು ಹಳೆಯ ಸರಕು, ಪೇಟೆಯಲ್ಲಿ ಒಳ್ಳೆಯ ಹೆಸರಿದೆ, ಬೋರ್ಡು ಉಳಿಯುತ್ತದೆ. ಖಚ್ಚರ ಅಸಲಿ ಮಾಲು. ಆದರೆ ಶಾಂತಕುಮಾರನಂಥ ಗಿರಾಕಿ ಮುಂದಿನ ಸಾಲಿನಲ್ಲಿ ಕೂತಿರುವಾಗ ಯಾವ ಹುಚ್ಚ ಅದನ್ನು ಬಿಚ್ಚುತ್ತಾನೆ?

“ಗುಂಡು ಅಂತನ ಹೇಳಿಬಿಡ್ರಿ,” ಎಂದಳು ಮೆಹರಾಜಬೇಗಂ, ಅವನ ಮನಸ್ಸು ಓದಿದಂತೆ. “ಬರ್ಮಾಕ್ಕ ಹೋಗಿ ಯಾರು ನೋಡ್ತಾರ? ರಾಣಿನೂ ಇಲ್ಲ. ಆದ್ರ ಗುಂಡು ಬಡದ ಕೈ ಹೆಂಗ ಇರ್ತದ ಅಂತ ಆ ಸುಬೇದಾರ್ರಿಗಿ ಗೊತ್ತಿರ್ತದ. ಅದೊಂದು ನೆಪ್ಪಿಡ್ರಿ.”

“ನೀ ನನ್ನ ಕಡಿ ಇದ್ದಿಯೋ, ಅವರ ಕಡಿಯೋ?”

“ನಾ ರಾಣಿ ಕಡಿ ಅದೇನಿ.”

ಹಾಲ್ ತೆರೆಯುವ ದಿನ ಅವನು ಗುಂಡನ್ನೇ ಹಾರಿಸುವುದೆಂದು ನಿಶ್ಚಯಿಸಿ, ಇಸ್ತ್ರಿಯ ಶೇರ್ವಾನಿ ತೊಟ್ಟು ಹೋದ. ಮಾಜಿ ಸೈನಿಕರು ಪದಕ ಹಾಕಿಕೊಂಡು ಸಾಲಾಗಿ ಕೂತಿದ್ದರು. ಹೇಳಿದ ಹಾಗೆ ಶಾಂತಕುಮಾರ ಮುಂದಿನ ಸಾಲಿನಲ್ಲಿದ್ದ. ಆಚೀಚೆ ತೊಗರಿ ರೈತರನ್ನೂ ಕೂರಿಸಿಕೊಂಡಿದ್ದ. ದತ್ತಪ್ಪ ಗೋಡೆಯ ಮೇಲಿನ ಪರದೆ ಸರಿಸಿದ.

ಫೋಟೋಗಳು ಕಂಡವು. ಎರಡನೆಯದರಲ್ಲಿ ಗೌಸಮೊಹಿದ್ದೀನ ತನ್ನನ್ನೇ ಕಂಡ.

ಶರಫುದ್ದೀನನ ಫೋಟೋ ಎಲ್ಲೂ ಸಿಗದೆ, ದತ್ತಪ್ಪ ಅಂಗಡಿಯ ಬೋರ್ಡನ್ನು ಮೊಬೈಲಿನಲ್ಲಿ ಹಿಡಿದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದ. ಅದಕ್ಕೆ ಚೆಂಡುಹೂವಿನ ಹಾರ, ಕೆಳಗೆ ಊದಿನಕಡ್ಡಿ. ಬದುಕಿರುವಾಗಲೇ ತನ್ನ ಮುಖಕ್ಕೆ ಹಾರ ಬಿದ್ದದ್ದನ್ನು ನೋಡುವ ಭಾಗ್ಯ ವ್ಯಾಪಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

“ಸೇಠ, ಖುದಾ ನಿಮಗ ಜನ್ನತ್ ಕೊಡ್ಲಿ!” ಎಂದು ಶಾಂತಕುಮಾರ ಸಣ್ಣಗೆ ಕೂಗಿದ. ಸಭೆ ಕಿಸಕ್ಕೆಂದಿತು. ದತ್ತಪ್ಪ ಫೋಟೋ ನೋಡಿದ, ಗೌಸಮೊಹಿದ್ದೀನನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಸುಬೇದಾರನ ನೆಟ್ಟಗಿನ ಬೆನ್ನು ಮೊದಲ ಸಲ ಕೊಂಚ ಬಾಗಿತು.

ಮೈಕಿನ ಮುಂದೆ ನಿಂತ ಗೌಸಮೊಹಿದ್ದೀನನಿಗೆ ಗುಂಡು ಬಾಯಿಯ ತುದಿಯಲ್ಲೇ ಇತ್ತು. ಆದರೆ ಹಾರ ಹಾಕಿಸಿಕೊಂಡ ಆ ಮುಖ, ಬಂದೂಕು ಹಿಡಿದ ಆ ಐದು ದುಂಡುಬೆರಳು ಎದುರಿಗೇ ಇದ್ದವು. ಹುಡುಕಿಕೊಂಡು ಹೋದ ಮುದುಕ ಆ ಚೌಕಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಇವತ್ತು ಬಾಯಿ 'ಗುಂಡು' ಎಂದರೆ, ಸಪ್ಪೆ ಚಹಾ ಕುಡಿಯುತ್ತಿದ್ದ ಆ ಮನುಷ್ಯನನ್ನು ಇಲ್ಲಿಂದ ಹೊರಗೆ ಹಾಕಿ, ತಾನೇ ಗೋಡೆಯ ಮೇಲೆ ಕಾಯಂ ಆಗುತ್ತಾನೆ.

“ಆ ಫೋಟೋ ನನ್ನದು,” ಎಂದ. “ನಮ್ಮ ದಾದಾನ ಬಲಗೈಯೊಳಗ ಎರಡು ಬೆರಳು ಅರ್ಧ ಇದ್ದವು. ಗುಂಡು ಬಡದಿಲ್ಲ. ಅವನ ಕೈಯಾಗ ಬಂದೂಕ ಇದ್ದಿದ್ದಿಲ್ಲ. ಖಚ್ಚರ ಕಡೀತು.”

ಅವನು ಬೆಲ್ಲ ಹೇಳಿದ, ಖಾಲಿ ಮುಷ್ಟಿ ಹೇಳಿದ, ರಾಣಿಗೆ ಅಡ್ಡ ನಿಂತದ್ದು ಹೇಳಿದ. ಬಾಯಿ ಒಮ್ಮೆ ಬಿಚ್ಚಿದ್ದೇ ನಿಲ್ಲಿಸಲು ಬರಲಿಲ್ಲ. ದನದ ಸಂತೆಯನ್ನೂ, ಟವೆಲನ್ನೂ ಹೇಳಿಬಿಟ್ಟ. ರೈತರು ಇದ್ದಾರೆ ಎಂಬುದು ನೆನಪಾದದ್ದು ಹೇಳಿ ಮುಗಿದ ಮೇಲೆ.

ಹಿಂದಿನ ಸಾಲಿನಿಂದ ಚಾಂದಪಾಶಾ ಎಂಬ ಮುದಿ ಹವಾಲ್ದಾರ ಎದ್ದು ನಿಂತು, ಟೋಪಿ ಸರಿಸಿ ಕಿವಿ ತೋರಿಸಿದ. ಅದರ ಮೇಲ್ತುದಿ ಇರಲಿಲ್ಲ.

“ಸೇಠ್ರ, ನಂದು ಹಿಮದಾಗ ಹೋಯ್ತು. ಅದನ್ನೂ ಖಚ್ಚರನ ಕಡೀತು. ಮನ್ಯಾಗ ಇವತ್ತಿನ ತನಕ ಚಳಿಗಿ ಉದುರೇದ ಅಂತ ಹೇಳೇನಿ. ದಯಮಾಡಿ ಯಾರೂ ನಮ್ಮಾಕಿಗಿ ಹೇಳಬ್ಯಾಡ್ರಿ.”

ಹಾಲ್ ನಗೆಯಲ್ಲಿ ಮುಳುಗಿತು. ಒಬ್ಬನಿಗೆ ಒದ್ದದ್ದು, ಒಬ್ಬನ ರೊಟ್ಟಿ ಕದ್ದದ್ದು, ಒಬ್ಬನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಮುಟ್ಟಿಸಿದ್ದು: ಪದಕದ ಎದೆಗಳಿಂದ ಒಂದೊಂದೇ ಖಚ್ಚರ ಹೊರಬಂತು. ದತ್ತಪ್ಪ ಹಾರವನ್ನು ಫೋಟೋದಿಂದ ಬಿಚ್ಚಿ, ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. “ಗುಡ್ಡದ ಮೇಲೆ ನಿಂತವನಿಗೆ ರೊಟ್ಟಿ ಮುಟ್ಟಿಸಿದವನೂ ಫೌಜಿನವನೇ,” ಎಂದಷ್ಟೇ ಮೈಕಿಗೆ ಹೇಳಿದ.

ಹೊರಗೆ ಬಂದಾಗ ಶಾಂತಕುಮಾರ ಕಾದಿದ್ದ. ನಗು ಇನ್ನೂ ಇತ್ತು, ಹರಿತ ಸ್ವಲ್ಪ ಕಮ್ಮಿ.

“ಗುಂಡು ಸಿಗಲಿಲ್ಲಲ್ಲ, ಸೇಠ.”

“ಇಲ್ಲ,” ಎಂದ ಗೌಸಮೊಹಿದ್ದೀನ. “ನಾಳೆ ಇಳಸ್ತೇನಿ.”

ಮರುದಿನ ಮುಂಜಾನೆ ಏಣಿ ಹಾಕಿಸಿ ಬೋರ್ಡು ಇಳಿಸಿದ. ಮೆಹರಾಜಬೇಗಂ ಅದನ್ನು ಮನೆಯ ಆಡಿನ ಗೂಡಿಗೆ ಮರೆ ಕಟ್ಟಲು ಆಗಲೇ ಬೇಡಿಕೆ ಇಟ್ಟಿದ್ದಳು. ಹುರಿಮೀಸೆಯ ಸಿಪಾಯಿ ಗೋಡೆಗೆ ಒರಗಿ, ತಲೆ ಕೆಳಗಾಗಿ ನಿಂತ. ಬೋರ್ಡಿದ್ದ ಜಾಗದಲ್ಲಿ ಗೋಡೆಯ ಬಣ್ಣ ಎಳೆಯದಾಗಿ ಕಾಣುತ್ತಿತ್ತು. ಗೌಸಮೊಹಿದ್ದೀನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಇನ್ನು ಯಾರು ಬಂದಾರು ಎಂದುಕೊಂಡ.

ಬಂದರು. ನಿನ್ನೆ ಮುಂದಿನ ಸಾಲಿನಲ್ಲಿ ಕೂತ ರೈತರೇ, ಟಂಟಂ ತುಂಬ ಚೀಲ ಹೇರಿಕೊಂಡು. ಗೌಸಮೊಹಿದ್ದೀನ ಅಭ್ಯಾಸಬಲದಿಂದ ಬಲಗೈ ಚಾಚಿ, ಹೆಗಲ ಟವೆಲಿಗೆ ಎಡಗೈ ಹಾಕಿದ. ಮುಂದೆ ನಿಂತ ಹಿರಿಯ ರೈತ ಟವೆಲನ್ನು ಮೆಲ್ಲಗೆ ಅವನ ಹೆಗಲಿನಿಂದ ತೆಗೆದು, ಮಡಚಿ, ತೊಗರಿ ಚೀಲದ ಮೇಲಿಟ್ಟ.

“ಬೋರ್ಡ್ ಇಳಸ್ತೇನಿ ಅಂದ್ರಿ, ಇಳಿಸಿದ್ರಿ. ಫೌಜಿ ಮಾತು ಅದ. ಈಗ ದರ ಹೇಳ್ರಿ ಸೇಠ್ರ, ಬಾಯಿ ಬಿಟ್ಟು. ಎಲ್ಲರಿಗೂ ಕೇಳ್ಲಿ.”

ಗೌಸಮೊಹಿದ್ದೀನ ಸುತ್ತ ನೋಡಿದ. ಎಲ್ಲ ಕಿವಿಗಳೂ ಇತ್ತಲೇ ಇದ್ದವು. ಗೋಡೆಯಾಚೆ ತನ್ನ ಅಂಗಡಿಯ ಮುಂದೆ ಶಾಂತಕುಮಾರ ತಕ್ಕಡಿ ಹಿಡಿದವನು ಹಿಡಿದೇ ನಿಂತಿದ್ದ. ಚಾಚಿದ್ದ ಬಲಗೈ ಮುಷ್ಟಿಯಾಗಿತ್ತು. ಬಿಚ್ಚಿದ. ಗಂಟಲು ಸರಿಮಾಡಿಕೊಂಡು ದರ ಹೇಳಿದ. ದನಿ ಮಸೀದಿಯಲ್ಲಿ ಹೊಸದಾಗಿ ಬಾಂಗ್ ಕೊಡುವವನ ಹಾಗೆ ನಡುವೆ ಒಡೆಯಿತು. ಅಷ್ಟು ಜನರೆದುರು ಹೇಳಬೇಕಾದದ್ದರಿಂದಲೋ ಏನೋ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು ಬಾಯಿಗೆ. ಬೆರಳಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ.

ಹಿರಿಯ ರೈತ ತಲೆದೂಗಿ, ಗೋಡೆಯ ಆಚೆಗೆ ತಿರುಗಿದ.

“ಶಾಂತಕುಮಾರ ಸಾವ್ಕಾರ್ರ, ನಿಮ್ಮದೂ ಹೇಳಿಬಿಡ್ರಿ ಹಂಗಾರ.”

ಶಾಂತಕುಮಾರ ಗೌಸಮೊಹಿದ್ದೀನನ ಕಡೆ ನೋಡಿದ ನೋಟದಲ್ಲಿ, ಗುಡ್ಡ ಏರಿದ ಮೇಲೆ ಖಾಲಿ ಅಂಗೈ ಕಂಡ ರಾಣಿಯ ಸಿಟ್ಟೆಲ್ಲ ಇತ್ತು. ಗೌಸಮೊಹಿದ್ದೀನ ತನ್ನ ಐದು ಬೆರಳನ್ನೂ ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿಕೊಂಡು, ಚಹಾ ತರಲು ಹೇಳಿದ.

“ಎಲ್ಲರಿಗೂ ತಾ. ನಂದು ಮಾತ್ರ ಸಪ್ಪಂದು ಇರ್ಲಿ.”